ನಿಮಿಷಕ್ಕೊಂದು ಮೌನ

ಬೆಂಡೆಕಾಯಿಯ ತುದಿ ಮುರಿದು ನೋಡಿ ಕೊಳ್ಳುವವರು, ಮುರಿಯದೆ ಚೀಲಕ್ಕೆ ತುಂಬಿಕೊಳ್ಳುವವರು ಎಂದು ಮನುಷ್ಯರಲ್ಲಿ ಎರಡು ಪಂಗಡ. ನಾನು ಮೊದಲನೆಯದರ ಆಜೀವ ಸದಸ್ಯ. ಟಕ್ಕೆಂದು ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ಇಷ್ಟು ಗೊತ್ತಿದ್ದೂ ಕಾಲು ಕಿಲೋ ಕೊಳ್ಳಲು ಅರ್ಧ ರಾಶಿಯ ತುದಿ ಮುರಿಯುತ್ತೇನೆ. ಸಾರಕ್ಕಿ ಮಾರುಕಟ್ಟೆಯ ತರಕಾರಿ ಅಕ್ಕ ನನ್ನನ್ನು ದೂರದಿಂದ ಕಂಡರೆ ಸಾಕು, ಬೆಂಡೆಕಾಯಿಯ ಮೇಲೆ ಗೋಣಿಚೀಲ ಎಳೆದುಬಿಡುತ್ತಾಳೆ. "ತಗೊಳ್ಳೋದು ಕಾಲ್ ಕೆಜಿ, ತಲೆ ತೆಗೆಯೋದು ನಾಲ್ಕ್ ಕೆಜಿ. ಹಿಂಗಾದ್ರೆ ನಾನ್ ಯಾವನಿಗ್ ಮಾರ್ಲಿ ಸಾರ್?" ಎಂದು ಒಮ್ಮೆ ಹತ್ತು ಜನರೆದುರು ಕೇಳಿದ್ದಳು. ಈ ಚಾಳಿ ಬೆಂಡೆಕಾಯಿಗಷ್ಟೇ ನಿಂತಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ನಾನು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ. ರಜಾದಿನಗಳಲ್ಲಿ ಮಾತ್ರ ಸೌಂಡ್ ಇಂಜಿನಿಯರ್. ಬನಶಂಕರಿಯ ನಮ್ಮ ಬಾಡಿಗೆ ಮನೆಯ ಸಾಮಾನು ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಮೈಕು, ಸದ್ದು ಮರುದನಿಸದಂತೆ ಗೋಡೆಗೆ ನೇತುಹಾಕಿದ ಎರಡು ಹಳೆಯ ರಗ್ಗು. ಇದನ್ನು ನಾನು ಸ್ಟುಡಿಯೋ ಎನ್ನುತ್ತೇನೆ. ಅಕ್ಕಿ ಡಬ್ಬ ಇನ್ನೂ ಅಲ್ಲಿಯೇ ಇರುವುದರಿಂದ ನನ್ನ ಹೆಂಡತಿ ವಸುಧಾ ಸಾಮಾನು ಕೋಣೆ ಎಂದೇ ಅನ್ನುತ್ತಾಳೆ, ರೆಕಾರ್ಡಿಂಗ್ ನಡೆಯುತ್ತಿದ್ದರೂ ಪಾವು ಹಿಡಿದು ಒಳಗೆ ಬರುತ್ತಾಳೆ.

ಮಹಡಿಯ ಮೇಲೆ ನಮ್ಮ ಮನೆಯೊಡತಿ ಪುಟ್ಟಗೌರಮ್ಮನವರು. ಅವರ ಮನೆಯವರು ಹಿಂದೆ ರಾಗಿ ಬೆಳೆಯುತ್ತಿದ್ದ ನೆಲದಲ್ಲೇ ಈಗ ನಾವು ಬಾಡಿಗೆಗಿರುವುದು. ಹನ್ನೊಂದು ಹೆಂಗಸರ ಭಜನಾ ಮಂಡಳಿಗೆ ಅವರೇ ಮುಖ್ಯಸ್ಥೆ. ಹೋದ ವರ್ಷ ಜಯನಗರದ ಭಜನೆ ಸ್ಪರ್ಧೆಯಲ್ಲಿ ಹನ್ನೊಂದೂ ಜನ ಒಟ್ಟಿಗೆ ಹಾಡು ಶುರುಮಾಡಿ, ಬೇರೆಬೇರೆಯಾಗಿ ಮುಗಿಸಿದ್ದರು. ಅರ್ಧ ಮಂದಿ ಅಂಜನಾಪುರ, ವಸಂತಪುರ ಎಂದು ಮನೆ ಬದಲಿಸಿದ್ದರಿಂದ ಸೇರಿ ಅಭ್ಯಾಸ ಮಾಡುವುದೇ ಕಷ್ಟವಾಗಿತ್ತು. ಈ ವರ್ಷ ಅವರು ನನ್ನ ಬಳಿ ಬಂದರು. "ಸಾರ್, ಈ ಸಲ ನಾನೇ ಕಟ್ಟಿರೋ ಅಮ್ಮನೋರ್ ಹಾಡು. ನಾವ್ ನಾಲ್ಕ್ ಜನ ಹಾಡ್ತೀವಿ, ನೀವ್ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕ್ಬಿಡಿ. ಅವರವರ ಮನೇಲಿ ಕೇಳ್ಕೊಂಡ್ ಹಂಗೇ ಕಲೀತಾರೆ. ಮತ್ತೆ ಮಾನ ಹೋಗ್ಬಾರ್ದು, ಅಷ್ಟೇ" ಎಂದರು. ಆ ಕೊನೆಯ ಮಾತು ಹೇಳುವಾಗ ಅವರ ದನಿ ಸಣ್ಣದಾಯಿತು. ನನಗೂ ಒಂಥರಾ ಆಯಿತು. ಎದೆ ತಟ್ಟಿಕೊಂಡು ಒಪ್ಪಿಕೊಂಡೆ.

ಹಾಡಿದ್ದೇನೋ ಆಯಿತು. ಆದರೆ ಪುಟ್ಟಗೌರಮ್ಮನವರದು ದಪ್ಪ ಕಂಠ. ನಿವೃತ್ತ ಟೀಚರ್ ಸರೋಜಾ ಮಿಸ್ ಅವರದು ಇಡೀ ಶಾಲೆಗೆ ಬೆಲ್ ಬೇಡವಾಗಿಸಿದ್ದ ಕಂಠ. ಇಬ್ಬರ ಮೇಲೆ ತಾಳದ ಝಣಝಣ ಬೇರೆ. ಸದ್ದು ಏರಿದಾಗ ಅದುಮಿ ಹಿಡಿಯಲು ಕಂಪ್ರೆಸರ್ ಎಂಬ ಸಾಫ್ಟ್‌ವೇರ್ ಇದೆ. ಆದರೆ ಒಬ್ಬ ತಂಟೆ ಮಾಡಿದರೆ ಇಡೀ ತರಗತಿಯನ್ನೇ ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರ ಬುದ್ಧಿ ಅದರದ್ದು. ತಾಳ ಝಣ್ ಎಂದಾಗಲೆಲ್ಲ ಪಾಪ, ಪುಟ್ಟಗೌರಮ್ಮನವರ ಗಂಟಲು ಹಿಸುಕಿದಂತೆ ಆಗುತ್ತಿತ್ತು. ತಗ್ಗಿನ ದನಿ, ನಡುವಿನ ದನಿ, ಏರುದನಿಗಳನ್ನು ಬೇರೆಬೇರೆ ಸಾಲಿನಲ್ಲಿ ಕೂರಿಸಿ, ತಂಟೆ ಮಾಡಿದ ಸಾಲನ್ನು ಮಾತ್ರ ಗದರುವುದಕ್ಕೆ ಮಲ್ಟಿಬ್ಯಾಂಡ್ ಕಂಪ್ರೆಸರ್ ಎಂಬ ಪ್ಲಗಿನ್, ಅಂದರೆ ಸಾಫ್ಟ್‌ವೇರಿಗೆ ಜೋಡಿಸುವ ಇನ್ನೊಂದು ಸಾಫ್ಟ್‌ವೇರ್, ಬೇಕು.

ಒಂದು ಪ್ಲಗಿನ್ ಕೊಂಡು ಹಾಕಿದ್ದರೆ ಒಂದೇ ಸಂಜೆಯ ಕೆಲಸ. ಆದರೆ ಎಲ್ಲ ಕಂಪನಿಯವರೂ ಪುಕ್ಕಟೆ ಟ್ರಯಲ್ ಕೊಡುತ್ತಾರೆ. ಟ್ರಯಲ್ ಎಂದರೆ ತುದಿ ಮುರಿದು ನೋಡಲು ಅವರೇ ಬಾಗಿಲಿಗೆ ತಂದು ಸುರಿದ ಬೆಂಡೆಕಾಯಿ! ಒಂದರಲ್ಲಿ ನಾಲ್ಕು ಸಾಲು, ಇನ್ನೊಂದರಲ್ಲಿ ಆರು. ಒಂದರ ಪರದೆ ನೀಲಿ, ಇನ್ನೊಂದರದು ಕೇಸರಿ. ಪ್ರತಿಯೊಂದನ್ನೂ ಹಾಕಿ, ತೆಗೆದು, ಕಣ್ಣು ಮುಚ್ಚಿ ಕೇಳಿದೆ. ನಮ್ಮ ಕಚೇರಿಯ ಬಸವರಾಜ ಹುಬ್ಬಳ್ಳಿಯ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡು ಹಾಡುಗಳನ್ನು ಮಿಕ್ಸ್ ಮಾಡುವವನು. ಅವನನ್ನು ಕೇಳಿದರೆ, "ಸರ, ಯಾವ್ದರ ಒಂದ್ ಹಾಕಿ ಮುಗಸ್ರಿ. ಕೇಳೋರಿಗೆ ಹಾಡ್ ಬೇಕ್ರಿ, ಪ್ಲಗಿನ್ ಅಲ್ಲ" ಎಂದ. ಅವನು ತುದಿ ಮುರಿಯದೆ ಕೊಳ್ಳುವ ಪಂಗಡದವನು, ಬಿಡಿ.

ಅಂತೂ ಎಂಟನೆಯ ಪ್ಲಗಿನ್ ಮನಸ್ಸಿಗೆ ಬಂತು. ಪುಟ್ಟಗೌರಮ್ಮನವರ ದನಿ ಪುಟ್ಟಗೌರಮ್ಮನವರ ದನಿಯಂತೆಯೇ ಕೇಳಿಸಿತು. ಅದರ ಟ್ರಯಲ್‌ಗೆ ದಿನದ ಗಡುವಿರಲಿಲ್ಲ. ಬದಲಿಗೆ ನಿಮಿಷಕ್ಕೊಮ್ಮೆ ಮೂರು ಸೆಕೆಂಡು ಎಲ್ಲ ಸದ್ದನ್ನೂ ನುಂಗಿ ಸುಮ್ಮನಾಗುತ್ತಿತ್ತು, ಕೊಂಡುಕೋ ಎಂದು ನೆನಪಿಸಲು. ಎರಡು ದಿನ ಕೇಳಿದ ಮೇಲೆ ನನಗೆ ಆ ಮೌನ ಅಭ್ಯಾಸವೇ ಆಗಿಹೋಯಿತು. ಮೂರನೆಯ ಬೆಳಿಗ್ಗೆ ವಸುಧಾ, "ಮೇಲಿನ ಮನೆ ಆಂಟಿ ಮೂರು ಸಲ ಕೇಳಿದ್ರು, ಇನ್ನೂ ಹಾಡು ಕಳಿಸಿಲ್ವಾ ನೀವು?" ಎಂದು ಬೈದಳು. ಒಂದು ಕೈಯಲ್ಲಿ ತಿಂಡಿ, ಇನ್ನೊಂದು ಕೈಯಲ್ಲಿ ಮೌಸ್. ಹಾಡನ್ನು ಗ್ರೂಪಿಗೆ ಕಳಿಸಿ ಬಸ್ಸಿಗೆ ಓಡಿದೆ.

ಸ್ಪರ್ಧೆಗೆ ಎರಡೇ ದಿನ ಉಳಿದಿದ್ದಾಗ ಹನ್ನೊಂದೂ ಜನ ಮಹಡಿಯ ಮೇಲೆ ಸೇರಿದರು. ನಾನು ಕೆಳಗೆ ಕಾಫಿ ಕುಡಿಯುತ್ತ ಕೇಳುತ್ತಿದ್ದೆ. ಒಂದೇ ಗಂಟಲಿನಂತೆ ಹಾಡುತ್ತಿದ್ದರು, ನನಗೆ ಹೆಮ್ಮೆಯೋ ಹೆಮ್ಮೆ. ಇದ್ದಕ್ಕಿದ್ದಂತೆ 'ತಾಯೆ' ಎಂಬ ಪದದ 'ತಾ'ದಲ್ಲಿ ಎಲ್ಲರೂ ನಿಂತರು. ತಾಳವೂ ನಿಂತಿತು. ಯಾರಿಗಾದರೂ ತಲೆ ಸುತ್ತಿತೇ ಎಂದು ನಾನು ಏಳುವಷ್ಟರಲ್ಲಿ, ಅದೇ ಸಾಲನ್ನು ಎರಡು ಪದ ಹಾರಿಸಿ ಎತ್ತಿಕೊಂಡರು. ನಿಮಿಷ ಕಳೆಯಿತು. ಮತ್ತೆ ನಿಂತರು. ಲೋಟ ಕೆಳಗಿಟ್ಟೆ; ಟ್ರಯಲ್ಲಿನ ಮೌನವೂ ಹಾಡಿನ ಜೊತೆಗೇ ಗ್ರೂಪಿಗೆ ಹೋಗಿತ್ತು.

ತಪ್ಪೊಪ್ಪಿಕೊಳ್ಳಲೆಂದೇ ಮೆಟ್ಟಿಲು ಹತ್ತಿದೆ, ದೇವರಾಣೆ. ಬಾಯಿ ತೆರೆಯುವ ಮೊದಲೇ ಸರೋಜಾ ಮಿಸ್ ಕೈಮುಗಿದರು. "ಆ ನಿಲ್ಲೋದು ಮೊದಲು ನಮಗೆ ಅರ್ಥಾನೇ ಆಗ್ಲಿಲ್ಲ ಸಾರ್. ಆಮೇಲೆ ಹೊಳೀತು. ಅಮ್ಮ ಬಂದು ಕೂತ್ಕೊಳ್ಳೋಕೆ ಜಾಗ ಬಿಟ್ಟಿದೀರಿ!" ಪುಟ್ಟಗೌರಮ್ಮನವರ ಕಣ್ಣಲ್ಲಿ ನೀರಿತ್ತು. "ಹಾಡ್ ಕಟ್ಟಿದ್ ನಂಗೇ ಇದು ಹೊಳೀಲಿಲ್ಲ ನೋಡಿ" ಎಂದರು. ನಾನು ಒಂದು ಲೋಟ ಪಾನಕ ಕುಡಿದು ಇಳಿದು ಬಂದೆ. ವಿಷಯ ಕೇಳಿ ವಸುಧಾ, "ಈಗ ಬಾಯಿ ಬಿಟ್ರೆ ಅವರು ಹಾಡನ್ನೇ ಮರೀತಾರೆ. ಸುಮ್ನಿರಿ" ಎಂದಳು.

ಜಯನಗರದ ಸಭಾಂಗಣದಲ್ಲಿ ಕೊನೆಯ ಸಾಲಿನಲ್ಲಿ, ಬಾಗಿಲಿನ ಪಕ್ಕ ಕುಳಿತೆ. ಹನ್ನೊಂದು ಜನ 'ತಾ' ಎಂದು ನಿಂತಾಗ ಫ್ಯಾನಿನ ಕಿರುಗುಟ್ಟುವಿಕೆ ಮಾತ್ರ ಕೇಳುತ್ತಿತ್ತು. ಆ ಮೂರು ಸೆಕೆಂಡಿನಲ್ಲಿ ನಾನು ಮನಸ್ಸಿನಲ್ಲೇ ಬಾಡಿಗೆಗೆ ಬೇರೆ ಮನೆಯನ್ನೂ ಹುಡುಕಿಕೊಂಡೆ. ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ ಎತ್ತಿಕೊಂಡರು, ಒಬ್ಬರೂ ತಪ್ಪಲಿಲ್ಲ. ಎರಡನೆಯ ಬಹುಮಾನ ಬಂತು. ತೀರ್ಪುಗಾರರೊಬ್ಬರು ಎದ್ದು, ಮೌನವನ್ನೂ ಹಾಡಬಲ್ಲ ಮಂಡಳಿಯನ್ನು ಮೊದಲ ಸಲ ಕಂಡೆ ಎಂದರು. ವೇದಿಕೆಯ ಮೇಲೆ ಫಲಕ ಹಿಡಿದುಕೊಂಡೇ ಪುಟ್ಟಗೌರಮ್ಮನವರು ಸಭೆಯಲ್ಲೆಲ್ಲ ನನಗಾಗಿ ಹುಡುಕಾಡಿದರು. ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ.

ಪಾಪಪ್ರಜ್ಞೆ ತಡೆಯಲಾರದೆ ಮರುದಿನವೇ ಆ ಪ್ಲಗಿನ್ನನ್ನು ಕೊಂಡೆ. ಜೀವನದಲ್ಲಿ ಮೊದಲ ಬಾರಿಗೆ, ಎರಡನೆಯ ಯೋಚನೆಯಿಲ್ಲದೆ. ಈಗ ಮಂಡಳಿಯ ಹೊಸ ಹಾಡು ಬಂದಿದೆ. ಕೊಂಡ ಪ್ಲಗಿನ್ ಎಷ್ಟು ಹೊತ್ತಾದರೂ ಸುಮ್ಮನಾಗುವುದಿಲ್ಲ. ಹೀಗಾಗಿ ನಾನೇ ಕುಳಿತು, ಬುದ್ಧಿವಂತಿಕೆಯಿಂದ, ಸಾಲು ಮುಗಿದಲ್ಲೆಲ್ಲ ಅಳೆದು ಮೂರು ಸೆಕೆಂಡು ಮೌನ ಸೇರಿಸಿದೆ. ಪುಟ್ಟಗೌರಮ್ಮನವರು ಪೂರ್ತಿ ಕೇಳಿದರು. ನನಗೆ ಬೇಸರವಾಗಬಾರದೆಂದು ಮೆತ್ತಗೆ ಹೇಳಿದರು: "ಚೆನ್ನಾಗೈತೆ ಸಾರ್. ಆದ್ರೂ ಹೋದ್ ಸಲದಂಗಿಲ್ಲ. ಈ ಸಲ ನೀವ್ ಮನಸ್ಸಿಟ್ಟು ಮಾಡ್ಲಿಲ್ಲ ಅನ್ಸತ್ತೆ."

ಸದ್ಯ ವಸುಧಾಳ ಹೆಸರಿನಲ್ಲಿ ಹೊಸದೊಂದು ಇಮೇಲ್ ತೆರೆದು, ನಾನೇ ದುಡ್ಡು ಕೊಟ್ಟು ಕೊಂಡ ಪ್ಲಗಿನ್ನಿನ ಟ್ರಯಲ್ ಇಳಿಸಿಕೊಳ್ಳುತ್ತಿದ್ದೇನೆ.