ಶುಕ್ರವಾರ ಬಿಟ್ಟ ಆಡು

ಚಿಂತೆ ಮಾಡುವುದಕ್ಕೂ ಒಂದು ಆಧಾರ ಬೇಕು. ಇದು ನನ್ನ ಐವತ್ತಮೂರು ವರ್ಷಗಳ ಅನುಭವದ ಮಾತು. ಗಾಳಿ ಎದ್ದರೆ ಬಾಳೆ ಉರುಳುತ್ತದೆಂದು ಚಿಂತಿಸಬಹುದು. ಬಸ್ಸು ತಡವಾದರೆ ಅದೊಂದು, ಬೇಗ ಬಂದುಬಿಟ್ಟರೆ ಡ್ರೈವರ್ ಎಷ್ಟು ಜೋರಾಗಿ ಓಡಿಸಿರಬೇಕೆಂದು ಇನ್ನೊಂದು. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಗದ, ಬಾಗಿಲು ಎಲ್ಲಿದೆಯೆಂದೇ ಗೊತ್ತಿಲ್ಲದ ಒಂದು ಕಸುಬಿನ ಬಗ್ಗೆ ಚಿಂತೆ ಮಾಡುವುದು ಹೇಗೆ? ನನ್ನ ಮಗಳು ತೇನ್ಮೊಳಿ ಬಿ.ಕಾಂ. ಮುಗಿಸಿ ಮನೆಗೆ ಬಂದು, ತಾನು ಹಾಡು ಕಟ್ಟಿ ಹಾಡಿಕೊಂಡು ಬದುಕುತ್ತೇನೆ ಎಂದಾಗ ನನಗೆ ಒದಗಿದ ಕಷ್ಟ ಇದೇ.

ನಮ್ಮ ಕಾಲದಲ್ಲಿ ಸಂಗೀತಕ್ಕೆ ಒಂದು ಗೇಟಿತ್ತು. ಅದು ಚೆನ್ನೈಯಲ್ಲಿತ್ತು. ಹಾಡುವ ಆಸೆ ಇದ್ದವನು ರೈಲು ಹತ್ತಿ ಹೋಗಿ ಆ ಗೇಟಿನ ಮುಂದೆ ನಿಲ್ಲಬೇಕು, ಊರಲ್ಲಿದ್ದವರು ಅವನಿಗಾಗಿ ಚಿಂತಿಸಬೇಕು, ಅಷ್ಟೇ, ಎಲ್ಲವೂ ಸ್ಪಷ್ಟ. ನನ್ನ ಜೊತೆ ಓದಿದವನೊಬ್ಬ ಕ್ಯಾಸೆಟ್ಟಿನಲ್ಲಿ ನಾಲ್ಕು ಹಾಡು ತುಂಬಿಕೊಂಡು ಹೋಗಿ ಎಂಟು ತಿಂಗಳು ನಿಂತು, ಗೇಟಿನ ಕಾವಲುಗಾರನ ಸ್ನೇಹವನ್ನಷ್ಟೇ ಸಂಪಾದಿಸಿ ವಾಪಸಾದ. ಈಗ ನಮ್ಮೂರು ಉತ್ತಮಪಾಳಯದಲ್ಲೇ ಮೈಕ್ ಸೆಟ್ ಅಂಗಡಿ ಇಟ್ಟಿದ್ದಾನೆ. ಮದುವೆಮನೆಯಲ್ಲಿ ಅವನು "ಹಲೋ, ಒಂದು, ಎರಡು, ಮೂರು" ಎಂದು ಮೈಕು ಪರೀಕ್ಷಿಸುವಾಗ, ಆ ಮೂರಂಕಿಯಲ್ಲೇ ಎಂಥ ಕಂಠ ಇದು ಎಂದು ಊಟದ ಪಂಕ್ತಿ ಒಂದು ಕ್ಷಣ ಕೈ ನಿಲ್ಲಿಸುತ್ತದೆ. ನನ್ನ ಸಂಗೀತಜೀವನ ಇನ್ನೂ ಚಿಕ್ಕದು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಒಮ್ಮೆ ಹಾಡಿದೆ. ಎರಡನೇ ಸಾಲಿಗೆ ಮೈಕು ಕೆಟ್ಟಿತು. ಸರಿಮಾಡಲು ಯಾರೂ ಬರಲಿಲ್ಲ. ಸರಿಮಾಡಿ ಎಂದು ಸಭೆಯಲ್ಲಿ ಒಬ್ಬರೂ ಕೇಳಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಮಗಳ ಕಾಲದಲ್ಲಿ ಗೇಟೂ ಇಲ್ಲ, ಕಾವಲುಗಾರನೂ ಇಲ್ಲ. ಅವಳ ಸ್ಟುಡಿಯೋ ಎಂದರೆ ನಮ್ಮ ಮಲಗುವ ಕೋಣೆಯ ದೊಡ್ಡ ಮರದ ಬೀರು. ಒಳಗೆ ನನ್ನ ಹೆಂಡತಿ ಸೆಲ್ವಿಯ ಸೀರೆಗಳ ನಡುವೆ ಮೈಕು ತೂಗುಹಾಕಿ, ಹಿಂದೆ ಎರಡು ರಜಾಯಿ ಇಳಿಬಿಟ್ಟು, ಫ್ಯಾನು ಆರಿಸಿ, ಬಾಗಿಲು ಹಾಕಿಕೊಂಡು ಹಾಡುತ್ತಾಳೆ. ಸೀರೆಗಳು ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವಂತೆ. ಇಷ್ಟು ವರ್ಷಗಳಲ್ಲಿ ಸೆಲ್ವಿಯ ಸೀರೆಗಳಿಂದ ಇಂಥ ಉಪಯೋಗ ಆಗುತ್ತದೆಂದು ನನಗೆ ಹೊಳೆದಿರಲಿಲ್ಲ, ಹೊಳೆದಿದ್ದರೂ ಹೇಳುತ್ತಿರಲಿಲ್ಲ. ಹೊರಬರುವಾಗ ಮಗಳು ಬೆಲ್ಲದ ಗಾಣದಿಂದ ಬಂದವಳ ಹಾಗೆ ಬೆವೆತಿರುತ್ತಾಳೆ. ಡೋಲು, ತಬಲ ಎಲ್ಲ ಲ್ಯಾಪ್‌ಟಾಪಿನಿಂದ. ಕೊಳಲು ಮಾತ್ರ ದಿಂಡುಕ್ಕಲ್‌ನಿಂದ, ಅಲ್ಲಿನ ಕಾಲೇಜಿನ ಒಬ್ಬ ಹುಡುಗಿ ನುಡಿಸಿ ಫೋನಿಗೆ ಕಳಿಸುತ್ತಾಳೆ. ಅವಳನ್ನು ಎಂದಾದರೂ ಕಂಡಿದ್ದೀಯಾ ಎಂದು ಕೇಳಿದೆ. "ಅವ್ಳ ಕೊಳಲ್ ಕೇಳಿದೀನಲ್ಲಪ್ಪ, ಸಾಲ್ದಾ?" ಅಂದಳು. ಹಾಡು ತಯಾರಾದ ಮೇಲೆ ಒಂದು ಫಾರಂ ತುಂಬಿದರೆ ಅದು ಜಗತ್ತಿನ ಎಲ್ಲ ಫೋನುಗಳಿಗೂ ಹೋಗುತ್ತದಂತೆ. ಅಂದರೆ ಒಳಗೆ ಬಿಡದಿರುವವರು ಯಾರೂ ಇಲ್ಲ. ಹಾಗೆಯೇ ಬಾ ಎಂದು ಕರೆಯುವವರೂ ಇಲ್ಲ. ನನ್ನ ಚಿಂತೆಯನ್ನು ಎಲ್ಲಿ ನಿಲ್ಲಿಸಲಿ?

ಅದಕ್ಕೆ ದಿಂಡುಕ್ಕಲ್‌ನ ಬಿ.ಎಡ್. ಕಾಲೇಜಿನ ಅರ್ಜಿ ತಂದಿಟ್ಟೆ. ಹಲವು ದಿನಗಳ ವಾದದ ಬಳಿಕ, ಸೆಲ್ವಿಯ ಮಧ್ಯಸ್ಥಿಕೆಯಲ್ಲಿ ಒಂದು ಒಪ್ಪಂದವಾಯಿತು. ಮಗಳ ಮೊದಲ ಹಾಡು ಒಂದು ಶುಕ್ರವಾರ ಹೊರಬರುವುದು. ಅದರ ಮುಂದಿನ ಸೋಮವಾರ ಅರ್ಜಿಗೆ ಕೊನೆಯ ದಿನ. ಅಷ್ಟರೊಳಗೆ ನಮ್ಮ ನೆಂಟನೋ ಸ್ನೇಹಿತನೋ ಅಲ್ಲದ ಒಬ್ಬನೇ ಒಬ್ಬ ಮನುಷ್ಯ ಆ ಹಾಡಿಗೆ ತನ್ನ ಸ್ವಂತ ಮಾತಿನಲ್ಲಿ ಒಂದು ಸಾಲು ಬರೆದರೆ, ಅವಳಿಗೆ ಒಂದು ವರ್ಷ, ಬರೆಯದಿದ್ದರೆ ದಿಂಡುಕ್ಕಲ್. ಷರತ್ತು ಅವಳದೇ. ನಾನಾಗಿದ್ದರೆ ನೆಂಟರನ್ನೂ ಸೇರಿಸಿಕೊಳ್ಳುತ್ತಿದ್ದೆ.

ಇಲ್ಲಿ ನಮ್ಮ ಮನೆಯ ಮಾತಿನ ವಿಷಯ ಹೇಳಬೇಕು. ಕಂಬಂ ಕಣಿವೆಯಲ್ಲಿ ನಮ್ಮ ಹಾಗೆ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಆಡುವ ರೈತರು ನೂರಾರು ವರ್ಷಗಳಿಂದ ಇದ್ದಾರೆ. ಬರೆಯುವುದಿದ್ದರೆ ತಮಿಳು ಅಕ್ಷರವೇ. ನಮ್ಮ ಕನ್ನಡ ತಮಿಳಿನ ಪಕ್ಕ ಕೂತು ಕೂತು ಹಕಾರವನ್ನು ಎಲ್ಲೋ ಕಳೆದುಕೊಂಡಿದೆ. ಹಣ್ಣು ನಮಗೆ ಅಣ್ಣು, ಹಾಲು ಆಲು. ನಾನು ಹರೆಯದಲ್ಲಿ ಆರು ವರ್ಷ ಮೈಸೂರಿನ ಬಾಳೆಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಮೊದಲ ದಿನ ಹೋಟೆಲಿಗೆ ಹೋಗಿ "ಒಂದು ಆಲು" ಎಂದೆ. ಮಾಣಿ ಆಲೂಗಡ್ಡೆ ಪಲ್ಯ ತಂದಿಟ್ಟ. ಅದನ್ನು ತಿಂದು ಶಪಥ ಮಾಡಿದೆ. ಬಸ್ಸಿನ ಬೋರ್ಡುಗಳಲ್ಲಿ ಅಕ್ಷರ ಕಲಿತೆ, ಪೊಟ್ಟಣ ಕಟ್ಟಿದ ಪತ್ರಿಕೆಗಳಲ್ಲಿ ವಾಕ್ಯ ಕಲಿತೆ, ಹಕಾರವನ್ನು ಎದೆಯ ಆಳದಿಂದ ಎತ್ತಿ ಉಚ್ಚರಿಸಲು ಕಲಿತೆ. ಹೊಸದಾಗಿ ಮಡಿ ಉಟ್ಟವನ ಹಾಗೆ ಅಂದಿನಿಂದ ಮನೆಯಲ್ಲಿ ನನ್ನದೇ ಆಚಾರ. ಎಲ್ಲರೂ ಹಾಡಿಗೆ ತಮಿಳಿನಲ್ಲಿ 'ಪಾಟ್ಟು' ಎನ್ನುತ್ತಿದ್ದರೆ, ಹಾಗನ್ನಬೇಡ, ನಮ್ಮ ಮಾತು 'ಹಾಡು' ಎಂದು ಮಗಳಿಗೆ ಕಲಿಸಿದವನು ನಾನೇ. ಅವಳು ಕಲಿತಳು, ಮನೆಯ ರೀತಿಯಲ್ಲಿ: 'ಆಡು'.

ಅವಳು ಹಾಡಿದ್ದು ನನ್ನ ಅವ್ವ ಗದ್ದೆಯಲ್ಲಿ ಕಳೆ ಕೀಳುವಾಗ ಹೇಳುತ್ತಿದ್ದ ಪದದ ಧಾಟಿಯಲ್ಲಿ, ತಾನೇ ಕಟ್ಟಿದ ಸಾಲುಗಳನ್ನು. "ಕಳೆ ಕಿತ್ತ ಕೈಯೆಲ್ಲ ಅಸ್ರು, ಕಣ್ಣಿಟ್ಟ ಕಡೆಯೆಲ್ಲ ಅಸ್ರು" ಎಂಬುದು ಪಲ್ಲವಿ. ಫಾರಂ ತುಂಬುವಾಗ ಭಾಷೆ ಯಾವುದು ಎಂಬಲ್ಲಿ ತಮಿಳೂ ಇತ್ತು, ಕನ್ನಡವೂ ಇತ್ತು, ನಮ್ಮದು ಇರಲಿಲ್ಲ. ಅವಳು ಕನ್ನಡ ಒತ್ತಿದಳು. ಅಷ್ಟು ಸಾಕಾಯಿತು ನನಗೆ. ಕನ್ನಡ ಎಂದು ಜಗತ್ತಿಗೆ ಹೇಳಿದ ಮೇಲೆ 'ಅಸ್ರು' ಎಂದರೆ ಮೈಸೂರಿನವರು ನಗುವುದಿಲ್ಲವೇ, 'ಹಸಿರು' ಎನ್ನಬೇಕು ಎಂದು ಹಟ ಹಿಡಿದೆ. "ಅಪ್ಪತ್ತಾ ಅಂಗಾ ಏಳ್ತಾಳೆ?" ಎಂದು ಕೇಳಿದಳು ಮಗಳು, ಅಪ್ಪನ ಅವ್ವನಿಗೆ ನಮ್ಮ ಕಡೆ ಅಪ್ಪತ್ತಾ ಎನ್ನುತ್ತಾರೆ. ಅಪ್ಪತ್ತಾಳ ಪದ ಗದ್ದೆಗೆ, ನಿನ್ನದು ಜಗತ್ತಿಗೆ ಎಂದು ನಾನು ಉಪನ್ಯಾಸ ಕೊಟ್ಟೆ. ನನ್ನ ನೆಮ್ಮದಿಗೆಂದು ಅವಳು ಪುನಃ ಬೀರುವಿಗೆ ಹೊಕ್ಕು ಹಸಿರು ಹಸಿರು ಎಂದು ಹಾಡಿ, ಮೂರು ಸಲ ಕುಕ್ಕರಿನ ಸೀಟಿ ನುಗ್ಗಿ, ನಾಲ್ಕನೇ ಸಲಕ್ಕೆ ಮುಗಿಸಿದಳು. ಮುಖದಲ್ಲಿ ಸಂತೋಷವಿರಲಿಲ್ಲ. ಸೆಕೆಯಿಂದ ಇರಬೇಕು ಅಂದುಕೊಂಡೆ.

ಆ ವಾರ ಊಟದ ಹೊತ್ತಿಗೆ ಅವಳು ಅಪ್ಪತ್ತಾಳ ಕಿವಿಯ ಬಳಿ ಬಗ್ಗಿ, "ಅಪ್ಪತ್ತಾ, ವೆಳ್ಳಿಕ್ಕಿಳಮೆ ನಾನ್ ಆಡ್ ಬಿಡ್ತೀನಿ" ಎಂದಳು. ವೆಳ್ಳಿಕ್ಕಿಳಮೆ ಅಂದರೆ ಶುಕ್ರವಾರ. ಅವ್ವನಿಗೆ ಕಣ್ಣೀರೇ ಬಂತು. ಮೊಮ್ಮಗಳ ಸಂಗೀತದ ಮೇಲೆ ಇಷ್ಟು ಮಮತೆಯೇ ಎಂದು ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ನಾನು ಮರೆತದ್ದೇನೆಂದರೆ, ಅವ್ವ ಹಾಡಿಗೆ 'ಪದ' ಎನ್ನುತ್ತಾಳೆ. ಆಡು ಎಂದರೆ ಆಡೇ, ನಾಲ್ಕು ಕಾಲಿನದು. ನಮ್ಮ ಮನೆತನದಲ್ಲಿ ಹರಕೆ ಹೊತ್ತವರು ಒಂದು ಮರಿಗೆ ಅರಿಸಿನ ಬಳಿದು, ಮಾಲೆ ಹಾಕಿ, ತೇವಾರದ ಹತ್ತಿರ ಬೆಟ್ಟದ ಬುಡದಲ್ಲಿರುವ ಕುಲದೇವರ ಹೆಸರಿನಲ್ಲಿ ಬಿಡುತ್ತಾರೆ. ಅದನ್ನೇ 'ಆಡು ಬಿಡೋದು' ಎನ್ನುವುದು. ದೇವಸ್ಥಾನಕ್ಕೆ ಕರೆದರೆ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ ಮೊಮ್ಮಗಳು ತಾನಾಗಿ ಹರಕೆ ಹೊತ್ತಿದ್ದಾಳೆ, ಅದೂ ಯಾರನ್ನೂ ಕೇಳದೆ ಒಳ್ಳೆಯ ವಾರವನ್ನೇ ಆರಿಸಿದ್ದಾಳೆ! ಹಾಡುಗಳನ್ನು ಶುಕ್ರವಾರವೇ ಹೊರಬಿಡುವುದು ಈ ಕಾಲದ ರೂಢಿ ಎಂಬುದು ಅವ್ವನಿಗೇನು ಗೊತ್ತು? ಸದ್ದಿಲ್ಲದೆ ಕೊಂಬೈಗೆ ಫೋನು ಹಚ್ಚಿ, ಆಡು ಸಾಕಿರುವ ತನ್ನ ತಮ್ಮನಿಗೆ, ಅಂದರೆ ನನ್ನ ರಾಸು ಮಾಮನಿಗೆ, ವಿಷಯ ತಿಳಿಸಿದಳು.

ಶುಕ್ರವಾರ ಬೆಳಿಗ್ಗೆ ನಾನು ಇಂಟರ್ನೆಟ್ ಕೆಟ್ಟೀತೇ, ಕರೆಂಟ್ ಹೋದೀತೇ ಎಂದು ಕ್ರಮವಾಗಿ ಚಿಂತಿಸುತ್ತ ಕೂತಿದ್ದಾಗ ಮನೆಯ ಮುಂದೆ ಒಂದು ಲೋಡ್ ಆಟೋ ನಿಂತಿತು. ಅದರಿಂದ ರಾಸು ಮಾಮ ಇಳಿದರು. ಆಮೇಲೆ ಚಿತ್ತಿಯರು, ಅಂದರೆ ಚಿಕ್ಕಮ್ಮಂದಿರು, ಅತ್ತೆಯರು, ಮಕ್ಕಳು, ಹೀಗೆ ಸುಮಾರು ಇಪ್ಪತ್ತು ಜನ ಇಳಿದರು. ಕೊನೆಯಲ್ಲಿ ಮಾಲೆ ಹಾಕಿಕೊಂಡು, ಹಣೆಗೆ ಅರಿಸಿನ ಹಚ್ಚಿಸಿಕೊಂಡು, ಎಲ್ಲರಿಗಿಂತ ಗಂಭೀರವಾಗಿ ಒಂದು ಕಪ್ಪು ಆಡು ಇಳಿಯಿತು.

ತೇನ್ಮೊಳಿ ಫೋನಿನಿಂದ ಕಣ್ಣೆತ್ತದೆ ಜಗಲಿಯಲ್ಲಿದ್ದಳು. ಮಾಮ ಅವಳ ಮುಂದೆ ನಿಂತರು.

"ಪಾಪಾ, ಆಡ್ ತಂದಿವ್ನಿ. ಎಲ್ಲಿ ಬಿಡೋದು?"

"ನಾನ್ ಆಗ್ಲೇ ಬಿಟ್ಟಾಯ್ತು ತಾತಾ. ಆರ್ ಗಂಟೆಗೇ."

"ಬಿಟ್ಟಾಯ್ತಾ? ಎಲ್ಲಿ?"

"ಎಲ್ಲಾ ಕಡೆನೂ. ಇಂಡಿಯಾ, ಅಮೆರಿಕಾ, ಜಪಾನು..."

ಮಾಮ ಆಡಿನ ಹಗ್ಗವನ್ನು ಕೈಗೆ ಸುತ್ತಿಕೊಂಡರು. "ಜಪಾನ್ಗೆ ಆಡು ಎಂಗ್ ಓಯ್ತು?" ಎಂದು ಕೇಳಿ, ಉತ್ತರಕ್ಕಾಗಿ ನನ್ನ ಕಡೆ ತಿರುಗಿದರು. ಮನೆಯಲ್ಲಿ ಕನ್ನಡ ಬಲ್ಲವನು ನಾನಲ್ಲವೇ?

ಹಾಡು, ಆಡು, ಹಕಾರ ಎಂದು ನಾನು ಬಿಡಿಸಿ ಹೇಳಿ ಮುಗಿಸುವಷ್ಟರಲ್ಲಿ ನೆಂಟರು ನಗುವುದನ್ನೂ ಮುಗಿಸಿದ್ದರು. ನಗದಿದ್ದವಳು ಅವ್ವ ಒಬ್ಬಳೇ. ಅವಳ ಮುಖ ಕಂಡು ಮಗಳೂ ಪೆಚ್ಚಾದಳು. ಆಗ ಮಾಮ, ಬಂದದ್ದು ಬಂದಾಯಿತು, ಆ ಇನ್ನೊಂದು ಆಡನ್ನೂ ನೋಡಿಯೇ ಹೋಗೋಣ ಎಂದು ತೀರ್ಪು ಕೊಟ್ಟರು. ಅವರ ಆಟೋದಲ್ಲಿ ಬೀದಿಬೀದಿ ಈರುಳ್ಳಿ ಮಾರಲು ಕಟ್ಟಿದ ಸ್ಪೀಕರ್ ಇತ್ತು. ಮಗಳು ಅದಕ್ಕೆ ಫೋನು ಜೋಡಿಸಿದಳು. ಬೀದಿಯ ಹೆಂಗಸರು ಈರುಳ್ಳಿ ಬಂತೆಂದು ಚೀಲ ಹಿಡಿದು ಬಂದು, ಹಾಡು ಕೇಳಿ ಚೀಲ ಹಿಡಿದೇ ನಿಂತರು.

ದಿಂಡುಕ್ಕಲ್‌ನ ಕೊಳಲು ಏಳುತ್ತಲೇ ಅವ್ವ ತಲೆ ಎತ್ತಿದಳು. ಧಾಟಿ ಬರುತ್ತಲೇ ಅವಳ ಕೈ ತಾನಾಗಿ ಮೊಣಕಾಲಿನ ಮೇಲೆ ಕಳೆ ಕೀಳುವ ಲಯದಲ್ಲಿ ಆಡತೊಡಗಿತು. ಕೊಂಬೈಯ ಚಿತ್ತಿಯರಿಬ್ಬರು, ಯಾರೂ ಕೇಳದೆ, ಪ್ರತಿ ಸಾಲಿನ ಕೊನೆಗೆ 'ಅಸ್ರು ಅಸ್ರು' ಎಂದು ಹಿಂದಿನಿಂದ ಎತ್ತಿಕೊಟ್ಟರು. ಅವರ ಅಸ್ರು ಸಲೀಸಾಗಿ ಜಾರುತ್ತಿತ್ತು. ನನ್ನ ಹಸಿರು ಮಾತ್ರ ಪ್ರತಿ ಸಲ ಹೊಸಿಲಿಗೆ ಕಾಲು ತಾಗಿಸಿಕೊಂಡವನಂತೆ ಎಡವುತ್ತಿತ್ತು. ಹಾಡು ಮುಗಿಯಿತು. ಅವ್ವ ಮೊಮ್ಮಗಳ ಗಲ್ಲ ಹಿಡಿದು ನೋಡಿದಳು.

"ಪದ ಚೆಂದಾಗದೆ, ಪಾಪಾ. ನಡುನಡುವೆ ಯಾಕ್ ಕೆಮ್ಮಿದ್ದು? ನೆಗ್ಡಿ ಆಗಿತ್ತಾ?"

ಮಗಳು ನನ್ನನ್ನು ನೋಡಿದಳು. ಸೆಲ್ವಿ ನನ್ನನ್ನು ನೋಡಿದಳು. ನಾನು ಆಡನ್ನು ನೋಡಿದೆ. ಮೈಸೂರಿನಲ್ಲಿ ಆರು ವರ್ಷ ಬೆವರು ಸುರಿಸಿ ಸಂಪಾದಿಸಿದ ಹಕಾರ ಹೆತ್ತವಳ ಕಿವಿಗೆ ಕೆಮ್ಮು! ಆದರೆ ಕೇಳಿದ್ದನ್ನು ಕೇಳಿಲ್ಲವೆನ್ನಲು ಆಗಲಿಲ್ಲ. "ಅದು ನಂದು, ಅವ್ವ" ಎಂದು ಒಪ್ಪಿಕೊಂಡೆ. ಅವಳಿಗೆ ಏನು ಅರ್ಥವಾಯಿತೋ, ಮೆಣಸಿನ ಕಷಾಯ ಕುಡಿ ಎಂದಳು. ಚಿತ್ತಿಯರನ್ನು ಮತ್ತೊಮ್ಮೆ ಹಾಡಿಸಿ ಮಗಳು ಫೋನಿನಲ್ಲಿ ತುಂಬಿಕೊಂಡಳು. ಆಡಿಗೆ ಅರಿಸಿನ ಹಚ್ಚಿದ ಮೇಲೆ ಹಿಂದಕ್ಕೆ ಕರೆದೊಯ್ಯುವಂತಿಲ್ಲ. ಅದೇ ದಿನ ತೇವಾರಕ್ಕೆ ಹೋಗಿ ಅದನ್ನೂ ಬಿಟ್ಟುಬಂದರು.

ಶನಿವಾರವಿಡೀ ಹಾಡಿನ ಕೆಳಗೆ ಹೂವಿನ ಚಿತ್ರ, ಕೈಮುಗಿದ ಚಿತ್ರ, "ಸೂಪರ್" ಎಂಬ ಮಾತು ಬೀಳುತ್ತಲೇ ಇದ್ದವು. ಎಲ್ಲ ನೆಂಟರೇ. ಮಗಳು ಒಂದೊಂದನ್ನೂ ಓದಿ, ಇದು ಲೆಕ್ಕಕ್ಕಿಲ್ಲ ಎಂದು ತಾನೇ ತಳ್ಳುತ್ತಿದ್ದಳು. ಸಂಜೆಯ ಹೊತ್ತಿಗೆ ಬಿ.ಎಡ್. ಅರ್ಜಿಯನ್ನು ತೆಗೆದು, ಅದರ ಮೊದಲ ಪುಟ ತುಂಬತೊಡಗಿದಳು. ನಾನು ಬಯಸಿದ್ದೇ ಆಗುತ್ತಿತ್ತು. ಆದರೂ ಪೆನ್ನಿನ ಆ ಸದ್ದು ಕೇಳಲಾರದೆ ಎದ್ದು ಹೋಗಿ ಬಸ್ ಸ್ಟ್ಯಾಂಡಿನವರೆಗೆ ನಡೆದು, ಯಾವ ಬಸ್ಸನ್ನೂ ಹತ್ತದೆ ವಾಪಸು ಬಂದೆ. ಹೆಸರು ಬದಲಿಸಿಕೊಂಡು ನಾನೇ ಅಪರಿಚಿತನಾಗಿ ಒಂದು ಸಾಲು ಬರೆದರೆ ಹೇಗೆ ಎಂದೂ ಯೋಚಿಸಿದೆ. ಬರೆಯಲಿಲ್ಲ, ಹಕಾರದಿಂದಲೇ ಸಿಕ್ಕಿಬೀಳುತ್ತಿದ್ದೆ.

ಭಾನುವಾರ ಮಧ್ಯಾಹ್ನ ಮಗಳು ಊಟದ ತಟ್ಟೆಯ ಪಕ್ಕ ಫೋನಿಟ್ಟು, ಓದಪ್ಪ ಎಂದಳು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಗೆ ಮಾಡುವ ಒಬ್ಬ ಹೆಂಗಸು. ಯಾರೋ ಏನೋ, ನಮ್ಮ ನೆಂಟಸ್ತಿಕೆಯಲ್ಲೆಲ್ಲೂ ಇಲ್ಲ. ಹಾಗೆಂದು ಆಮೇಲೆ ಅವ್ವನೇ ಫೋನಿನಲ್ಲಿ ಅವಳ ಊರು, ಮನೆತನ ಎಲ್ಲ ವಿಚಾರಿಸಿ ಖಾತ್ರಿಮಾಡಿದಳು. ತಮಿಳು ಅಕ್ಷರದಲ್ಲಿ, ನಮ್ಮ ಮನೆಯ ಮಾತಿನಲ್ಲಿ ಬರೆದಿದ್ದಳು: "ತಂಗಚ್ಚಿ, ಇದು ನಮ್ ಮನೆ ಮಾತು. ನನ್ ಮಗ್ಳಿಗೆ ತಿಳೀತದೆ, ಆದ್ರೆ ಮಾತಾಡಾಕೆ ನಾಚ್ಕೆ. ನೆನ್ನೆಯಿಂದ ಅಸ್ರು ಅಸ್ರು ಅಂತ ಮನೆಯೆಲ್ಲಾ ಸುತ್ತುತವ್ಳೆ."

ಹಾಡಿದ್ದು ಹಸಿರು ಎಂದು. ಆ ಮಗು ತಾನಾಗಿ ಅದನ್ನು ಮನೆಗೆ ಕರೆತಂದಿತ್ತು. ಚೆನ್ನೈಯ ಆ ಗೇಟಿನಲ್ಲಿ ಈ ಮಾತಿನ ಹಾಡು ಹಿಡಿದು ನಿಂತಿದ್ದರೆ ಎಂಟು ತಿಂಗಳಲ್ಲ, ಎಂಟು ಜನ್ಮ ನಿಲ್ಲಬೇಕಿತ್ತು ಎಂದು ನನಗೆ ಆಗ ಹೊಳೆಯಿತು. ಗೇಟಿಲ್ಲದ್ದು ಇಂಥವರಿಗೆ ಒಳ್ಳೆಯದೇ ಇರಬಹುದು. ಇರಬಹುದು ಎಂದೆ, ಅಷ್ಟೇ. ಪೂರ್ತಿ ಒಪ್ಪಿದರೆ ಚಿಂತಿಸಲು ಏನು ಉಳಿಯುತ್ತದೆ?

ಸೋಮವಾರ ದಿಂಡುಕ್ಕಲ್‌ಗೆ ಹೊರಡಬೇಕಿದ್ದ ಹೊತ್ತಿನಲ್ಲಿ ನಾನು ಬೀರುವಿನೊಳಗಿದ್ದೆ. ಹಾಡನ್ನು ಅಸ್ರು ಮಾಡಿ ಮತ್ತೆ ತುಂಬುವುದು, ಚಿತ್ತಿಯರ ಹಿಮ್ಮೇಳ ಸೇರಿಸುವುದು ಎಂದು ತೀರ್ಮಾನವಾಗಿತ್ತು. ಕೆಳಗಿನ ಶ್ರುತಿಯಲ್ಲಿ ಒಂದು ಗಂಡುದನಿ ಬೇಕಂತೆ. ಬರೀ 'ಊಂ' ಎಂದು ಗುನುಗಿದರೆ ಸಾಕು, ಮಾತಿಲ್ಲ, ಅಕ್ಷರವಿಲ್ಲ, ತಿದ್ದಲು ಏನೂ ಇಲ್ಲ. ಮುಖಕ್ಕೆ ಸೆಲ್ವಿಯ ರೇಷ್ಮೆ ಸೀರೆಯ ಅಂಚು ತಾಗುತ್ತಿತ್ತು. ಒಂದು ವರ್ಷದ ಮೇಲೆ ಏನು, ಆ ಕೊಳಲಿನ ಹುಡುಗಿಗೆ ಮದುವೆಯಾದರೆ ಏನು, ತಿರುಪ್ಪೂರಿನ ಮಗು ಬೇರೆ ಹಾಡು ಕೇಳಿದರೆ ಏನು ಎಂದು ಕತ್ತಲೆಯಲ್ಲಿ ಚಿಂತೆಗಳು ಒಂದೊಂದಾಗಿ ಸಾಲು ನಿಂತವು. ಬಾಗಿಲಾಚೆಯಿಂದ ಮಗಳ ದನಿ ಬಂತು.

"ಅಪ್ಪಾ, ನಿಟ್ಟುಸಿರು ಬಿಡೋದು ಮೈಕಲ್ಲಿ ಬೀಳ್ತದೆ. ಮೂರ್ ನಿಮಿಷ ಬಿಡ್ದೆ ಇರು."

ಆರು ಸಲ ಪ್ರಯತ್ನಿಸಿದೆವು. ಇಲ್ಲಿಯವರೆಗೆ ನನ್ನ ದಾಖಲೆ ಒಂದು ನಿಮಿಷ ನಲವತ್ತು ಸೆಕೆಂಡು.