ಕರೆಂಟ್ ಹೋಗವಲ್ದರೀ!

ಶಿದ್ರಾಮಪ್ಪ: ಏನಂದಿ? ಇನ್ನೊಮ್ಮೆ ಹೇಳು.

ಮಾಳಿಂಗರಾಯ: ಕರೆಂಟ್ ಹೋಗವಲ್ದರೀ ಸಾಹೇಬ್ರ. ತಕರಾರು ಬರ್ಕೋರಿ.

ಶಿದ್ರಾಮಪ್ಪ: ಬರವಲ್ದು ಅನ್ನಪಾ.

ಮಾಳಿಂಗರಾಯ: ಬಂದೈತ್ರಿ. ಬಂದದ್ದ ತಕರಾರು.

ಬೀಳಗಿ ಸೀಮೆಯ ಒಂದು ಸಣ್ಣ ಊರಿನ ಕರೆಂಟ್ ಆಫೀಸು. ಗುಮಾಸ್ತ ಶಿದ್ರಾಮಪ್ಪನವರು ಇದೇ ಕುರ್ಚಿಯಲ್ಲಿ ಕೂತು ತಲೆ ಬೆಳ್ಳಗೆ ಮಾಡಿಕೊಂಡವರು. ಇಂಥ ತಕರಾರು ಕೇಳಿದ್ದು ಇದೇ ಮೊದಲು. ಎದುರಿಗೆ ನಿಂತ ಕುರಿಗಾರ ಮಾಳಿಂಗರಾಯನ ಹೆಗಲ ಮೇಲೆ ಕರಿ ಕಂಬಳಿ, ಮುಖದ ಮೇಲೆ ಸಂಕಟ. ಪಾಪ, ಸಂಕಟ ಸುಳ್ಳಲ್ಲ. ಗುಡ್ಡದ ಮೇಲಿನ ಬೀರಪ್ಪನ ಗುಡಿಗೆ ಒಂದು ದೀಪದ ಕಂಬ ಬೇಕೆಂದು ಹನ್ನೊಂದು ವರ್ಷ ಈ ಹೊಸ್ತಿಲು ಸವೆಸಿದವನು ಅವನೇ. ಅಂತೂ ಹೋದ ವಾರ ಗುಡಿಗೆ ಲೈನ್ ಬಂದು, ಒಳಗೊಂದು ಪ್ಲಗ್ ಕೂತು, ಹೊರಗೆ ಕಂಬದ ದೀಪ ಹತ್ತಿತು. ನಿನ್ನೆ ಜಮಖಂಡಿಯ ಕಾಲೇಜಿನಿಂದ ಮಗಳು ಉಮಾಶ್ರೀಯ ಫೋನು: “ಅಪ್ಪಾ, ನಮ್ಮ ಗುಡ್ಡದಾಗಿನ ಕತ್ತಲಿ ಇಡೀ ಜಿಲ್ಲಾದಾಗ ಎಲ್ಲೂ ಇಲ್ಲ ಅಂತ ಸರ್‌ಗೆ ಹೇಳೇನಿ. ನಾಳೆ ಕ್ಲಾಸಿಗೆ ಕ್ಲಾಸ ಚುಕ್ಕಿ ನೋಡಾಕ ಬರಾಕತ್ತೈತಿ.” ದೀಪದ ಸುದ್ದಿ ಹೇಳಲು ಅಪ್ಪನಿಗೆ ಬಾಯಿ ಬರಲಿಲ್ಲ. ಮಗಳ ಮಾತು ಹತ್ತು ಮಂದಿಯ ಮುಂದೆ ಸುಳ್ಳಾದರೆ ಅವನಿಗೆ ಅನ್ನ ಇಳಿಯುವುದಿಲ್ಲ.

ಶಿದ್ರಾಮಪ್ಪ: ಸ್ವಿಚ್ ಬಂದ್ ಮಾಡಪಾ, ಮುಗೀತು.

ಮಾಳಿಂಗರಾಯ: ಸ್ವಿಚ್ ಎಲ್ಲಿ ಕೂಡಿಸೀರಿ? ಹಗಲಿ ಸೂರ್ಯಾನ ಜೋಡಿ ಪೈಪೋಟಿ ನಡಸೈತದು.

ಶಿದ್ರಾಮಪ್ಪ: ಸ್ವಿಚ್ಚಿಗೆ ಬ್ಯಾರೆ ಅರ್ಜಿ ಕೊಡಬೇಕಿತ್ತು.

ಮಾಳಿಂಗರಾಯ: ಇವತ್ತೊಂದ ರಾತ್ರಿ ಲೈನ್ ತಗೀರಿ. ನನ್ನ ಮಗನ ಜವಳದ ದಿನ ಮೂರ ಸಲ ಹೋತು. ಅವತ್ತ ಯಾರ ಅರ್ಜಿ ಕೊಟ್ಟಿದ್ರು?

ಶಿದ್ರಾಮಪ್ಪ: ಅದು ತಾನಾಗಿ ಹೋಗೂದು. ನಾವು ತಗದ್ರ ಮ್ಯಾಲಿನವ್ರನ್ನ ಕೇಳಬೇಕು.

ಮಾಳಿಂಗರಾಯ: ಮ್ಯಾಲಿನವ್ರನ್ನ ನೋಡಾಕ ನಿಮ್ಮ ಬಲ್ಬ ಅಡ್ಡ ಬಂದೈತಲ್ರಿ!

ಅಷ್ಟರಲ್ಲಿ ಬಾಗಿಲಲ್ಲಿ ಬಳೆ ಸದ್ದಾಯಿತು. ಮಾಳಿಂಗರಾಯನ ಹೆಂಡತಿ ಪದ್ಮವ್ವ, ಕೈಯಲ್ಲಿ ಒಂದು ಡಬ್ಬಿ.

ಪದ್ಮವ್ವ: ತಗೋರಿ ಅಣ್ಣಾರ, ಶೇಂಗಾ ಹೋಳಿಗಿ. ಲೈಟ್ ಹಾಕಿ ಪುಣ್ಯಾ ಕಟಗೊಂಡ್ರಿ. ಇವತ್ತ ಅದರ ಬಾಜೂಕ ಇನ್ನೊಂದ ಹಾಕ್ರಿ.

ಮಾಳಿಂಗರಾಯ: ಇನ್ನೊಂದ? ಯಾಕ ಬೇ?

ಪದ್ಮವ್ವ: ಮಗಳ ಮಂದಿ ಚುಕ್ಕಿ ನೋಡಾಕ ಬರತಾರಲ್ರಿ. ಕತ್ತಲಾಗ ಹೆಂಗ ಹುಡುಕ್ಯಾರು? ಸೂಜಿ ಬಿದ್ರ ಸೈತ ಬ್ಯಾಟರಿ ಹಿಡೀತೇವಿ.

ಮಾಳಿಂಗರಾಯ: ಚುಕ್ಕಿ ಕತ್ತಲಾಗ ಕಾಣತಾವ. ಬೆಳಕಾದ್ರ ಕಾಣಂಗಿಲ್ಲ.

ಪದ್ಮವ್ವ: ಇದ್ಯಾವ ಊರ ನ್ಯಾಯ? ನನ್ನ ನೋಡಾಕ ಬಂದಾಗ ನಿಮ್ಮಪ್ಪ ಎರಡೆರಡ ಕಂದೀಲ ಹಿಡಿಸಿ ನೋಡಿದ್ರು.

ಮಾಳಿಂಗರಾಯ: ನೋಡಿದಾಂವ ಅಪ್ಪ. ನಾ ಮೂಲ್ಯಾಗ ಕತ್ತಲಾಗ ಕುಂತಿದ್ದೆ.

ಪದ್ಮವ್ವ: ಅದಕ್ಕ ನಾ ಒಪ್ಪಿದ್ದು!

ಶಿದ್ರಾಮಪ್ಪನವರಿಗೆ ಹೋಳಿಗೆ ಗಂಟಲಿಗೆ ಸಿಕ್ಕಿಕೊಂಡಿತು. ನೀರು ಕುಡಿದು ಸುಧಾರಿಸಿಕೊಂಡರು.

ಶಿದ್ರಾಮಪ್ಪ: ಗಂಡಗ ಒಂದೂ ಬ್ಯಾಡ, ಹೆಂಡ್ತಿಗೆ ಎರಡ ಬೇಕು. ಮನ್ಯಾಗ ಮಾತಾಡಿಕೊಂಡ ಬರಬಾರದ?

ಪದ್ಮವ್ವ: ಎರಡನೇದ ಇರಲಿ ಬಿಡ್ರಿ. ಇವತ್ತ ರಾತ್ರಿ ಕರೆಂಟ್ ಹೋಗಂಗಿಲ್ಲ ಅಂತ ಮಾತ ಕೊಡ್ರಿ.

ತಿಂದ ಹೋಳಿಗೆಯ ಋಣ ದೊಡ್ಡದು. ಶಿದ್ರಾಮಪ್ಪನವರು ಎದೆ ಮುಟ್ಟಿಕೊಂಡರು.

ಶಿದ್ರಾಮಪ್ಪ: ಕೊಟ್ಟೆ ಯಕ್ಕಾ. ಶಿದ್ರಾಮಪ್ಪನ ಮಾತಂದ್ರ ಮಾತು. ಹೋಗಂಗಿಲ್ಲ!

ತಲೆಯ ಮೇಲಿನ ಫ್ಯಾನು ಒಮ್ಮೆ ಕಿರ್ರೆಂದು ನಿಂತೇಬಿಟ್ಟಿತು.

ಮಾಳಿಂಗರಾಯ: ಬೀರಪ್ಪಾ, ನನ್ನಪ್ಪಾ! ಸಾಹೇಬ್ರ, ನಿಮ್ಮ ಮಾತಿಗೆ ಇಷ್ಟ ಶಕ್ತಿ ಐತಿ ಅಂತ ಗೊತ್ತಿದ್ರ ಮುಂಜಾನೇನ ಇದನ್ನ ಕೇಳತಿದ್ದೆ.

ಖುಷಿಗೆ ಅವನ ಕಣ್ಣಲ್ಲಿ ನೀರೇ ಬಂತು. ಅದೇ ಹೊತ್ತಿಗೆ ಅಂಗಿಯ ಕಿಸೆಯಲ್ಲಿ ಮೊಬೈಲು ಕೂಗಿತು. ಉಮಾಶ್ರೀ.

ಮಾಳಿಂಗರಾಯ: ಬರ್ರಿ ಯವ್ವಾ, ಎಲ್ಲಾರೂ ಬರ್ರಿ! ಕತ್ತಲಿ ತಯಾರ ಐತಿ, ಬೇಕಾದಷ್ಟ ಐತಿ!

ಮಗಳ ದನಿ ಮೊಬೈಲಿನಿಂದ ಮೂವರಿಗೂ ಕೇಳುವಷ್ಟು ಜೋರಾಗಿತ್ತು.

ಉಮಾಶ್ರೀ: ಅಪ್ಪಾ, ಗುಡಿಯಾಗ ಪ್ಲಗ್ ಐತೇನು? ಸರ್ ತರೂ ದುರ್ಬೀನು ಕರೆಂಟ್ ಮ್ಯಾಲ ತಿರಗತೈತಂತ. ಕರೆಂಟ್ ಇಲ್ಲಂದ್ರ ಬ್ಯಾರೆ ಗುಡ್ಡಕ್ಕ ಹೋಗೂಣು ಅನ್ನಾಕತ್ತಾರ.

ಮಾಳಿಂಗರಾಯ: ಐತಿ ಯವ್ವಾ... ಪ್ಲಗ್ ಅಂತೂ ಐತಿ.

ಫೋನು ಇಟ್ಟು ಅವನು ಬೆಂಚಿನ ಮೇಲೆ ಕುಸಿದ.

ಶಿದ್ರಾಮಪ್ಪ: ಈಗ ಏನಂತ ಬರ್ಕೊಳ್ಲಿ? ಕರೆಂಟ್ ಬೇಕು, ಬೆಳಕ ಬ್ಯಾಡ?

ಮಾಳಿಂಗರಾಯ: ಹೌದ್ರಿ. ಹಂಗ ಬರ್ಕೋರಿ.

ಶಿದ್ರಾಮಪ್ಪ: ಲೇ, ಅಂಥಾ ತಕರಾರು ಸರಕಾರದಾಗ ಇಲ್ಲ!

ಯಾರೂ ಕೇಳದಿದ್ದರೂ ಫ್ಯಾನು ತಾನಾಗಿ ತಿರುಗತೊಡಗಿತು. ಪದ್ಮವ್ವ ಅದನ್ನು ನೋಡಿದಳು, ಗಂಡನ ಬಾಡಿದ ಮುಖ ನೋಡಿದಳು. ಚುಕ್ಕಿಯ ನ್ಯಾಯ ಅವಳಿಗೆ ಇನ್ನೂ ತಿಳಿದಿರಲಿಲ್ಲ, ಮಗಳ ಮಾನ ಮಾತ್ರ ಚೆನ್ನಾಗಿ ತಿಳಿಯಿತು. ಗಂಡನ ಹೆಗಲಿನ ಕಂಬಳಿ ಜಗ್ಗಿದಳು.

ಪದ್ಮವ್ವ: ಏಳ್ರಿ. ಗುಡಿ ನಿಚ್ಚಣಿಕಿ ಹಚ್ಚಿ ಬಲ್ಬಿಗೆ ಇದನ್ನ ಹೊಚ್ಚೂಣು. ಒಳಗ ಕರೆಂಟ್ ಇರಲಿ, ಹೊರಗ ಕತ್ತಲಿ ಇರಲಿ.

ಶಿದ್ರಾಮಪ್ಪ: ಏ ಯಕ್ಕಾ! ಸರಕಾರಿ ಬಲ್ಬಿಗೆ ಕಂಬಳಿ ಹೊಚ್ಚೂ ಹಂಗಿಲ್ಲ!

ಪದ್ಮವ್ವ: ಯಾಕ ಅಣ್ಣಾರ? ಹನ್ನೊಂದ ವರ್ಷ ನಮ್ಮ ಅರ್ಜಿಗೆ ಕಂಬಳಿ ಹೊಚ್ಚಿ ಮಲಗಿಸಿದವ್ರು ನೀವು. ಒಂದ ರಾತ್ರಿ ನಿಮ್ಮ ಬಲ್ಬ ಮಲಗಿದ್ರ ಏನ ಧಾಡಿ?