ಯಜಮಾನರ ಲಿವರೂ ನನ್ನ ನೈವೇದ್ಯವೂ

ಕೆಟ್ಟ ಸುದ್ದಿ ಬಂದಾಗೆಲ್ಲ ನನ್ನ ಕೈಯಲ್ಲಿ ಏನಾದರೊಂದು ಕೆಲಸ ಇದ್ದೇ ಇರುತ್ತದೆ. ಅದನ್ನೂ ದೇವರ ದಯೆ ಎಂದೇ ಎಣಿಸಿಕೊಂಡಿದ್ದೇನೆ. ಕೈ ಖಾಲಿಯಿದ್ದರೆ ಅಳುತ್ತ ಕೂರುವ ಪೈಕಿ ನಾನು. ಅವತ್ತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಕೋಲಾರದ ಆಸ್ಪತ್ರೆಗೆ ಹೋಗಿದ್ದ ಯಜಮಾನರು ಫೋನ್ ಮಾಡಿ, ಲಿವರಿನಲ್ಲಿ ಕೊಬ್ಬು ಸೇರಿದೆಯಂತೆ, ಆರು ತಿಂಗಳು ಪಥ್ಯ ಮಾಡಿ ಸ್ಕ್ಯಾನಿಗೆ ಬರಬೇಕಂತೆ ಎಂದರು.

ಮುಳಬಾಗಿಲಿನಲ್ಲಿ ಪೌರೋಹಿತ್ಯ ಮಾಡುವ ಮನುಷ್ಯ, ಕಾಫಿಯ ಹೊರತು ಬೇರೇನೂ ಕುಡಿದವರಲ್ಲ. ಲಿವರಿನ ಕಾಯಿಲೆ ಕುಡಿಯುವವರಿಗೆ ಮಾತ್ರ ಎಂದು ಊರೆಲ್ಲ ನಂಬಿರುವಾಗ ಅವರಿಗೆ ಕಾಯಿಲೆಗಿಂತ ಅದರ ಹೆಸರಿನ ಭಯವೇ ದೊಡ್ಡದಾಯಿತು. “ಯಾರಾದ್ರೂ ಕೇಳಿದ್ರೆ ಮಂಡಿನೋವು ಅನ್ನು ಕಣೇ,” ಎಂದರು. ಅಂದೆ. ಮೂರು ಮನೆಯವರು ಎಣ್ಣೆ ಕಳಿಸಿದರು. ದಂಡವಾಗಬಾರದೆಂದು ಅವರ ಗಟ್ಟಿಮುಟ್ಟಾದ ಮಂಡಿಗಳಿಗೆ ದಿನವೂ ತಿಕ್ಕಿದೆ.

ಅವರಿಗೆ ಸಿಹಿ, ತುಪ್ಪ, ಕರಿದದ್ದು ಬಂದ್ ಆಯಿತು. ಆದರೆ ದೇವರಿಗೆ ಪಥ್ಯ ಹೇಳುವವರು ಯಾರು? ಅತ್ತೆಯವರ ಕಾಲದಿಂದಲೂ ನಮ್ಮಲ್ಲಿ ದಿನಾ ಬೆಳಿಗ್ಗೆ ಒಂದು ದೊಡ್ಡ ಬಟ್ಟಲು ಸಿಹಿ ಪೊಂಗಲ್ ನೈವೇದ್ಯವಾಗಬೇಕು. ಇರುವವರು ನಾವಿಬ್ಬರೇ. ಪ್ರಸಾದ ಬಿಸಾಡುವಂತಿಲ್ಲ. ಬೀದಿಯ ಹಸುವಿಗೆ ಇಟ್ಟರೆ ಅದು ಬಾಳೆಎಲೆ ತಿಂದು ಪೊಂಗಲ್ ಬಿಟ್ಟು ಹೋಯಿತು. ಹಾಗಾಗಿ ಅವರ ಪಾಲೂ ನನ್ನ ಪಾಲಿಗೇ ಬಂತು. ಪ್ರಸಾದ ಊಟದ ಲೆಕ್ಕಕ್ಕೆ ಬರುವುದಿಲ್ಲವೆಂದೇ ನನ್ನ ನಂಬಿಕೆ. ನನಗೆ ಸಕ್ಕರೆ ಕಾಯಿಲೆ ಇರುವುದು ಆ ನಂಬಿಕೆಗೆ ಅಡ್ಡ ಬರಲಿಲ್ಲ.

ಸ್ಕ್ಯಾನಿನ ದಿನ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿದ್ದರು; ಅವರ ಜೊತೆ ನಾನೂ ಏನೂ ತಿನ್ನದೆ ಹೊರಟೆ. ಬಸ್ಸಿನಲ್ಲಿ ಯಜಮಾನರ ಕೈ ತಣ್ಣಗಿತ್ತು. ಉದ್ದನೆಯ ಸೂಜಿ ಚುಚ್ಚಿ ಲಿವರಿನ ಚೂರು ತೆಗೆಯುತ್ತಾರೆ ಎಂದು ಆಸ್ಪತ್ರೆಯಲ್ಲಿ ಯಾರೋ ತಲೆಗೆ ತುಂಬಿದ್ದರು. ನಾನು ಧೈರ್ಯ ಹೇಳುತ್ತಲೇ ಇದ್ದೆ. ಇವರಿಗೇನಾದರೂ ಆದರೆ ಎಂದು ಒಳಗೊಳಗೇ ಹರಕೆ ಹೊರುತ್ತಿದ್ದೆ. ಅಲ್ಲಿ ನೋಡಿದರೆ ಬಲಗೈ ತಲೆಯ ಮೇಲಿಡಿಸಿ, ಪಕ್ಕೆಗೆ ತಣ್ಣನೆಯ ಜೆಲ್ ಸವರಿ, ಸಣ್ಣದೊಂದು ಯಂತ್ರದಿಂದ ಹತ್ತು ಸಲ ಮೆಲ್ಲಗೆ ತಟ್ಟಿದರು. “ಸೂಜಿ ಯಾವಾಗಮ್ಮ?” ಎಂದು ಇವರು ಕಣ್ಣು ಮುಚ್ಚಿಕೊಂಡೇ ಕೇಳಿದರು. “ಮುಗೀತು ಸ್ವಾಮಿ, ಎದ್ದೇಳಿ,” ಎಂದಳು ನರ್ಸು.

ಕೊಬ್ಬು ಚೆನ್ನಾಗಿ ಇಳಿದಿತ್ತು. ನಾನು ಮನಸ್ಸಿನಲ್ಲೇ ಕೈಮುಗಿದೆ. ಅಷ್ಟಕ್ಕೇ ಎದ್ದು ಬರಬೇಕಿತ್ತು. ಡಾಕ್ಟರು ನನ್ನ ಸಕ್ಕರೆ ವಿಚಾರ ಕೇಳಿ, ನೀವೂ ಉಪವಾಸವಿದ್ದೀರಲ್ಲ, ಮಾಡಿಸಿಬಿಡಿ ಎಂದರು. ನರ್ಸು ತೆಲುಗಿನಲ್ಲಿ “ಪಡುಕೋಮ್ಮಾ” ಎನ್ನುತ್ತ ಮಂಚ ತೋರಿಸಿದಳು. ಮಲಗಿದೆ.

ಇವರಿಂದ ಇಳಿದ ಕೊಬ್ಬು ಎಲ್ಲಿಗೆ ಹೋಗಿತ್ತೆಂಬುದು ಆಗ ತಿಳಿಯಿತು. ಡಾಕ್ಟರು ಎರಡೂ ಕಾಗದ ಅಕ್ಕಪಕ್ಕ ಇಟ್ಟುಕೊಂಡು, ಮನೆಯಲ್ಲಿ ಇಬ್ಬರದೂ ಒಂದೇ ಊಟ ತಾನೆ ಎಂದು ಕೇಳಿದರು.

“ಊಟ ಒಂದೇ ಸಾರ್,” ಎಂದರು ಯಜಮಾನರು, ಆರು ತಿಂಗಳ ಸಂಕಟವೆಲ್ಲ ತೀರಿಸಿಕೊಳ್ಳುವವರಂತೆ. “ನನ್ನ ಪಾಲಿನ ಪೊಂಗಲ್ಲೂ ಸೇರಿಸ್ಕೊಂಡು ತಿಂದಿದ್ದಾಳೆ, ಅಷ್ಟೇ.”

ಲಿವರ್ ಇನ್ನೂ ಗಟ್ಟಿಯಾಗುವ ಹಂತಕ್ಕೆ ಹೋಗಿಲ್ಲ, ಪಥ್ಯ ಮಾಡಿ ದಿನಾ ನಡೆದಾಡಿದರೆ ಕೊಬ್ಬು ಇಳಿಯುತ್ತದೆ ಎಂದರು ಡಾಕ್ಟರು. ಅದೂ ಒಂದು ದಯೆಯೇ.

ಮರುದಿನ ಎರಡು ಚಮಚ ಅಕ್ಕಿಯ ಪೊಂಗಲ್ಲನ್ನು ಪುಟ್ಟ ಬೆಳ್ಳಿ ಕುಂಕುಮ ಬಟ್ಟಲಿನಲ್ಲಿಟ್ಟು, ಕಡಿಮೆಯಾಯಿತೆಂದು ಬೇಸರ ಮಾಡಿಕೊಳ್ಳಬೇಡಪ್ಪ ಎಂದು ಬೇಡಿಕೊಂಡೆ. ಇಷ್ಟು ವರ್ಷ ದೊಡ್ಡ ಬಟ್ಟಲು ಬೇಕೆಂದಿದ್ದು ತಾನಲ್ಲ ಎಂಬುದು ದೇವರಿಗೆ ಗೊತ್ತಿತ್ತು. ನಾನು ಹುಣಸೆಹಣ್ಣು ತೆಗೆದುಕೊಂಡು ಪೂಜೆಯ ಪಾತ್ರೆ ಬೆಳಗಲು ಹೋದೆ.